ನಾಲ್ಕು ಸೆಕೆಂಡಿನ ಉಸಿರು

ಬೆಳಗಿನ ಐದು ಗಂಟೆ. ಖಾನಾಪುರದಿಂದ ಒಂಬತ್ತು ಕಿಲೋಮೀಟರ್ ದೂರದ ಈ ಗುಡ್ಡದ ನೆತ್ತಿಯಲ್ಲಿ ಮಂಜು ಎಷ್ಟು ದಟ್ಟವಾಗಿದೆಯೆಂದರೆ, ಐವತ್ನಾಲ್ಕು ಮೀಟರ್ ಎತ್ತರದ ಗೋಪುರದ ಬುಡವಷ್ಟೇ ಕಣ್ಣಿಗೆ ಬೀಳುತ್ತದೆ. ಸೀರೆಯ ಮೇಲೆ ಗಂಡಸರ ಸ್ವೆಟರ್ ಹಾಕಿಕೊಂಡ ಕೇತಕಿ ಸಬನಿಸ ಬ್ಯಾಟರಿ ಹಿಡಿದು ಹೊರಗೋಡೆಯ ಹತ್ತಿರ ಬಗ್ಗಿ ನಿಂತಿದ್ದಾರೆ. ಗೋಪುರದಿಂದ ಇಳಿದು ಬರುವ ಕಪ್ಪು ಕೇಬಲ್ಲು ಗೋಡೆಯೊಳಗೆ ನುಸುಳುವ ಜಾಗದಲ್ಲಿ ಒಂದು ಗಾಜಿನ ಸೀಸೆ, ಅದರ ತುಂಬ ನೀಲಿ ಹರಳು.

"ಇವು ನೀಲಿ ಇರೂತನಕ ಚಿಂತಿ ಇಲ್ಲ. ಗುಲಾಬಿ ಆದ್ರ ಕೇಬಲಿನಾಗ ತೇವ ಹೊಕ್ಕದ ಅಂತ ಅರ್ಥ. ಮಳಿಗಾಲದಾಗ ದಿನಾ ಎರಡು ಸಲ ಇದರ ಮಾರಿ ನೋಡಬೇಕು" ಎನ್ನುತ್ತಾ ಅವರು ಒಳಗೆ ಬರುತ್ತಾರೆ.

ಒಳಗೆ ಎರಡು ಕಪಾಟಿನಷ್ಟು ದೊಡ್ಡದಾದ ಯಂತ್ರ. ಮೊದಲು ಫ್ಯಾನು, ಒಂದು ನಿಮಿಷ ಬಿಟ್ಟು ಎರಡನೇ ಗುಂಡಿ, ಮತ್ತೊಂದು ನಿಮಿಷಕ್ಕೆ ಮೂರನೆಯದು. ಎರಡು ಮುಳ್ಳುಗಳು ಅಲುಗುತ್ತವೆ. ಒಂದು ಮುಳ್ಳು ಗೋಪುರಕ್ಕೆ ಹೋಗುವ ಶಕ್ತಿಯನ್ನು ತೋರಿಸುತ್ತದೆ, ಇನ್ನೊಂದು ಅಲ್ಲಿಂದ ತಿರುಗಿ ಬರುವುದನ್ನು. ತಿರುಗಿ ಬರುವುದು ಹೆಚ್ಚಾದರೆ ಯಂತ್ರ ಸುಟ್ಟುಹೋಗುತ್ತದೆ. "ಬುತ್ತಿ ಕಟ್ಟಿ ಕಳಿಸಿದ್ದು ಹಂಗs ವಾಪಸ್ ಬಂತಂದ್ರ, ಅಲ್ಲೇನೋ ಜಗಳಾಗ್ಯದ ಅಂತ ತಿಳೀಬೇಕಲ್ರೀ, ಹಂಗ ಇದು" ಎಂದು ಕೇತಕಿ ನಗುತ್ತಾರೆ. ಈ ಎರಡು ದಿನದಲ್ಲಿ ನಾನು ಕಂಡ ಅವರ ಒಂದೇ ನಗು ಅದು.

ಒಂದು ಶಿಕ್ಷಣ ಟ್ರಸ್ಟ್ ನಡೆಸುವ ಪುಟ್ಟ ಎಫ್‌ಎಂ ಕೇಂದ್ರ, ಹೊಳೆದಂಡೆ ಬಾನುಲಿ. ಸ್ಟುಡಿಯೋ ಬೆಳಗಾವಿಯಲ್ಲಿದೆ, ಪ್ರಸಾರದ ಯಂತ್ರ ಈ ಗುಡ್ಡದ ಮೇಲಿದೆ. ಅಲ್ಲಿ ಮೈಕಿನ ಮುಂದೆ ಆಡಿದ ಮಾತು ಬೋಗುಣಿಯಂಥ ಒಂದು ಆಂಟೆನಾದಿಂದ ಹೊರಟು, ಈ ಗೋಪುರದ ಮೇಲಿನ ಇನ್ನೊಂದು ಬೋಗುಣಿಗೆ ಬಂದು ಬೀಳಬೇಕು. ಅನಂತರ ಈ ಯಂತ್ರ ಅದನ್ನು ಖಾನಾಪುರ ತಾಲ್ಲೂಕಿನ ಊರೂರಿಗೆ ಹಂಚುತ್ತದೆ. ಬೆಳಗಾವಿಯಿಂದ ಗುಡ್ಡದವರೆಗಿನ ಆ ದಾರಿಗೆ ಇವರು ‘ಲಿಂಕ್’ ಎನ್ನುತ್ತಾರೆ. ಕೇಂದ್ರ ಶುರುವಾದ ದಿನದಿಂದ, ಅಂದರೆ ಹದಿನೇಳು ವರ್ಷದಿಂದ, ಗುಡ್ಡದ ಮೇಲಿನ ಎಂಜಿನಿಯರ್ ಕೇತಕಿಯವರೇ. ದಿನಕ್ಕೆ ಹದಿನಾರು ತಾಸಿನ ಪ್ರಸಾರ. ತಾಸಿಗೊಮ್ಮೆ ಒಂಬತ್ತು ಅಳತೆಗಳನ್ನು ಪುಸ್ತಕದಲ್ಲಿ ಬರೆಯಬೇಕು. ಮಳೆಗಾಲದಲ್ಲಿ ದಿನಕ್ಕೆ ಆರೇಳು ಸಲ ಕರೆಂಟು ಹೋಗುತ್ತದೆ. ಹೋದ ಹನ್ನೆರಡು ಸೆಕೆಂಡಿನೊಳಗೆ ಜನರೇಟರ್ ಹಿಡಿಯಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ವಾರದಲ್ಲಿ ನಾಲ್ಕು ದಿನ ಯಂತ್ರದ ಪಕ್ಕದ ಕೋಣೆಯಲ್ಲೇ ಅವರ ವಾಸ. ಉಳಿದ ದಿನಗಳಲ್ಲಿ ಮೊದಲ ಬಸ್ಸು.

ಉದ್ಘೋಷಕಿ ಮಾಲಾ ಅವರಿಗೆ ಹಳ್ಳಿಹಳ್ಳಿಯಿಂದ ಮದುವೆಯ ಕರೆಯೋಲೆ ಬರುತ್ತದೆ. ಕೇತಕಿಯವರನ್ನು ಖಾನಾಪುರದ ಬಸ್ ನಿಲ್ದಾಣದಲ್ಲಿ ಚಹಾ ಮಾರುವವನಿಗೂ ಗೊತ್ತಿಲ್ಲ. ಅದರ ಬಗ್ಗೆ ಅವರಿಗೆ ಬೇಸರವೇನಿಲ್ಲ. ಬೇಸರ ಬೇರೆಯದೇ ಇದೆ. ಅದನ್ನು ಬರೆಯಬೇಕೆಂಬ ಷರತ್ತಿನ ಮೇಲೆಯೇ ಅವರು ನನ್ನನ್ನು ಗುಡ್ಡ ಹತ್ತಲು ಬಿಟ್ಟದ್ದು. "ನನ್ನ ಬರೇ ಹೊಗಳೂದಿದ್ರ ಬರಬ್ಯಾಡ್ರಿ" ಎಂದು ಫೋನಿನಲ್ಲೇ ಹೇಳಿದ್ದರು.

ಕೇತಕಿ ಹುಟ್ಟಿ ಬೆಳೆದದ್ದು ಬೆಳಗಾವಿಯ ಶಹಾಪುರದಲ್ಲಿ. ತಂದೆ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಸ್ಟೋರ್ ಕೀಪರ್. ಮನೆಯೊಳಗೆ ಮರಾಠಿ, ಓಣಿಯಲ್ಲಿ ಕನ್ನಡ, ಎರಡರ ಹಿಂದೆಯೂ ಬೆಳಗಿನಿಂದ ಸಂಜೆಯವರೆಗೆ ಮಗ್ಗದ ಸದ್ದು. ಆ ಸದ್ದಿನ ಮೇಲೆ ಮಾತಾಡಿ ಮಾತಾಡಿ ಆ ಓಣಿಯ ಹೆಣ್ಣುಮಕ್ಕಳದೆಲ್ಲ ಗಟ್ಟಿ ದನಿ. ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಓದಿದರೂ ಅವರಿಗೆ ಆಸೆಯಿದ್ದದ್ದು ಮೈಕಿನ ಮುಂದೆ ಕೂರುವುದಕ್ಕೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಬೇರೊಂದು ಊರಿನ ಬಾನುಲಿ ಕೇಂದ್ರಕ್ಕೆ ಧ್ವನಿ ಪರೀಕ್ಷೆಗೆ ಹೋದರು. ಅದು ಯಾವ ಕೇಂದ್ರವೆಂದು ಹೇಳಲು ಅವರಿಗೆ ಇಷ್ಟವಿಲ್ಲ.

"ಒಂದು ಪುಟ ಓದಿಸಿದ್ರು. ಗಾಜಿನ ಆಚೀಕಡೆ ಮೂರು ಮಂದಿ ಕೂತಿದ್ರು. ಅಲ್ಲಿಂದ ನನ್ನ ಜೋಡಿ ಮಾತಾಡ್ಲಿಕ್ಕೆ ಒಂದು ಗುಂಡಿ ಇರ್ತದ. ಅದನ್ನ ಬಂದ್ ಮಾಡೂದು ಮರತಿದ್ರು. ‘ದನಿ ಛಲೋ ಅದ, ಆದ್ರ ಕನ್ನಡದಾಗ ಮರಾಠಿ ವಾಸನಿ ಹೊಡೀತದ’ ಅಂತ ಒಬ್ಬಾತ ಅಂದ. ಉಳಿದಿಬ್ಬರು ನಕ್ಕರು. ಎಲ್ಲಾ ನನ್ನ ಕಿವಿಯೊಳಗಿನ ಹೆಡ್‌ಫೋನಿನಾಗ ಕೇಳ್ತು."

ಅಂದಿನಿಂದ ಅವರು ಮೈಕಿನ ಈಚೆ ಬಂದರು. ಟ್ರಾನ್ಸ್‌ಫಾರ್ಮರ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಹಲವು ವರ್ಷ ದುಡಿದರು. ವಿಮಾ ಕಚೇರಿಯ ಗುಮಾಸ್ತ ಬಿಂದುಮಾಧವ ಸಬನಿಸ ಅವರನ್ನು ಮದುವೆಯಾದರು. ಆಮೇಲೆ ಈ ಗುಡ್ಡ. ಸಭೆಯಲ್ಲಿ ನಾಲ್ಕು ಮಾತು ಆಡಬೇಕಾಗಿ ಬಂದರೂ ಚೀಟಿ ಬರೆದು ಪಕ್ಕದವರ ಕೈಗೆ ಕೊಡುವುದು ರೂಢಿಯಾಯಿತು. ಯಂತ್ರ ಮಾತಾಡಲಿ, ನಾನು ಸುಮ್ಮನಿರುತ್ತೇನೆ ಎಂಬ ಈ ಒಪ್ಪಂದ ಆರು ವರ್ಷದ ಹಿಂದಿನ ಆಗಸ್ಟ್‌ವರೆಗೆ ಚೆನ್ನಾಗಿಯೇ ನಡೆಯಿತು.

ಆ ಆಗಸ್ಟ್‌ನಲ್ಲಿ ಐದು ದಿನ ಮಳೆ ಬಿಡಲಿಲ್ಲ. ಗುಡ್ಡದ ದಾರಿ ಕುಸಿದು, ಕೇತಕಿ ಮತ್ತು ಕಾವಲುಗಾರ ಗುರುಸಿದ್ದ ಎರಡು ದಿನದಿಂದ ಮೇಲೆಯೇ ಸಿಕ್ಕಿಕೊಂಡಿದ್ದರು. ಆರನೆಯ ದಿನ ಬೆಳಿಗ್ಗೆ ಆರೂ ಇಪ್ಪತ್ತಕ್ಕೆ ಲಿಂಕ್ ಕಡಿದುಹೋಯಿತು. ಬೆಳಗಾವಿಯ ಸ್ಟುಡಿಯೋದಲ್ಲಿ ಮಾಲಾ ಮಾತಾಡುತ್ತಿದ್ದರು, ಗುಡ್ಡಕ್ಕೆ ಏನೂ ಬರುತ್ತಿರಲಿಲ್ಲ. ಗಾಳಿ ಖಾಲಿ ಇರಬಾರದು ಎಂಬುದು ಪ್ರಸಾರದ ಮೊದಲ ಪಾಠ. ಮೂರು ಸೆಕೆಂಡು ತುಂಬುವುದರೊಳಗೆ ಕೇತಕಿ ಕೊಳಲಿನ ಧ್ವನಿಮುದ್ರಿಕೆ ಹಾಕಿದರು.

ಆರೂ ಮೂವತ್ತೈದಕ್ಕೆ ಮಾಲಾ ಅವರ ಫೋನು ಬಂತು. "ಅಕ್ಕಾ, ತಹಶೀಲ್ದಾರ್ ಕಚೇರಿಯಿಂದ ಹೇಳಿ ಕಳಿಸ್ಯಾರ. ಪಾರಿಶ್ವಾಡ ಕಡೆ ಹಳ್ಳ ಎಲ್ಲಾ ಸೇತುವಿ ಮ್ಯಾಲ ಹರ್ಯಾಕತ್ತಾವಂತ. ಯಾರೂ ದಾಟಬಾರದು. ಲಿಂಕ್ ಇಲ್ಲ, ನಾ ಹೆಂಗ ಹೇಳ್ಲಿ? ಅಲ್ಲೊಂದು ಮೈಕ್ ಅದಲ್ಲ, ನೀವs ಹೇಳಿಬಿಡ್ರಿ."

"ನಾನs? ಹತ್ತು ನಿಮಿಷ ತಡಿ. ಲಿಂಕ್ ತರ್ತೀನಿ, ನೀನs ಓದು."

ಆದರೂ ಆ ಎರಡು ಸಾಲನ್ನು ಅವರು ಒಂದು ಚೀಟಿಯಲ್ಲಿ ಬರೆದುಕೊಂಡರು. ಬಾಗಿಲಲ್ಲಿ ಒದ್ದೆಯಾಗಿ ನಿಂತಿದ್ದ ಗುರುಸಿದ್ದ ಎಲ್ಲ ಕೇಳಿಸಿಕೊಂಡಿದ್ದ. "ಬಾಯವ್ರ, ಹೇಳಿಬಿಡ್ರಿ. ಎರಡ ಮಾತು ಐತಿ. ಮುಂಜಾನಿ ಹೊತ್ತು, ಹಾಲಿನವ್ರು, ಸಾಲಿ ಹುಡುಗ್ರು ಎಲ್ಲಾ ಹೊಂಡತಾವ" ಎಂದ.

ಯಂತ್ರವನ್ನು ಪರೀಕ್ಷಿಸಲು ಬಳಸುವ ಮೈಕು ಡ್ರಾವರಿನಲ್ಲಿತ್ತು. ಕೇತಕಿ ಅದನ್ನು ತೆಗೆದು ಜೋಡಿಸಿದರು. ಕೊಳಲಿನ ದನಿ ಇಳಿಸಿ ಮೈಕಿನದು ಏರಿಸಿದರು. ಚೀಟಿ ಕಣ್ಣ ಮುಂದೆಯೇ ಇತ್ತು.

"‘ಕೇಳುಗರೇ’ ಅನ್ನಬೇಕೋ ‘ಶ್ರೋತೃಗಳೇ’ ಅನ್ನಬೇಕೋ ತಿಳೀಲಿಲ್ಲ. ‘ಸೇತುವೆ’ ಅಂತ ನೆಟ್ಟಗ ಬರ್ತದೋ ಇಲ್ಲೋ. ಗಾಜಿನ ಆಚೀಕಡೆ ಯಾರೋ ನಕ್ಕಂಗಾತು. ಖರೇ ಹೇಳ್ತೀನಿ, ಈ ಖೋಲ್ಯಾಗ ಗಾಜs ಇಲ್ಲ. ಕಿಡಕಿಗೂ ತಗಡಿನ ಬಾಗಿಲ ಅದ."

ಅವರು ಮೈಕು ಇಳಿಸಿ ಕೊಳಲನ್ನು ಮತ್ತೆ ಏರಿಸಿದರು. ಪ್ರಸಾರವಾದದ್ದೆಲ್ಲ ತಾನಾಗಿಯೇ ದಾಖಲಾಗುವ ಪೆಟ್ಟಿಗೆಯೊಂದು ಅಲ್ಲಿದೆ. ಅದರ ಪ್ರಕಾರ ಮೈಕು ತೆರೆದಿದ್ದದ್ದು ಆರು ಗಂಟೆ ನಲವತ್ತೊಂದು ನಿಮಿಷಕ್ಕೆ, ನಾಲ್ಕು ಸೆಕೆಂಡು. ಆ ನಾಲ್ಕು ಸೆಕೆಂಡಿನಲ್ಲಿ ಒಂದು ಉಸಿರು ಕೇಳುತ್ತದೆ.

ಅನಂತರ ಅವರು ಮಾಡಿದ್ದು ಯಾವ ಎಂಜಿನಿಯರಿಗೂ ಹೆಮ್ಮೆ ತರುವ ಕೆಲಸ. ಗುರುಸಿದ್ದ ತಾಡಪತ್ರಿ ಹಿಡಿದು ನಿಂತ, ಕೇತಕಿ ಗೋಪುರದ ಹತ್ತು ಮೆಟ್ಟಿಲು ಹತ್ತಿ ನೀರು ಹೊಕ್ಕ ಜೋಡಣೆಯನ್ನು ಬಿಚ್ಚಿದರು. ಬೋಗುಣಿಯಿಂದ ಇಳಿದು ಬರುವ ಕೇಬಲಿನ ಕೊಳೆತ ತುದಿಯನ್ನು ಕತ್ತರಿಸಿ, ಚಹಾದ ಸ್ಟೋವಿನ ಮೇಲೆ ಕಾಯಿಸಿದ ಅರಿವೆಯಿಂದ ಒಣಗಿಸಿ, ಹೊಸ ಜೋಡಣೆ ಕೂರಿಸಿದರು. ಏಳೂ ಎಂಟಕ್ಕೆ ಲಿಂಕ್ ಬಂತು. ಮಾಲಾ ಅಚ್ಚಗನ್ನಡದಲ್ಲಿ ಆ ಎಚ್ಚರಿಕೆಯನ್ನು ಐದು ಸಲ ಓದಿದರು.

ಅಷ್ಟರಲ್ಲಿ ಪಾರಿಶ್ವಾಡದ ಹತ್ತಿರದ ಹಳ್ಳದಲ್ಲಿ ಭರಮಣ್ಣ ಕೊಚ್ಚಿಹೋಗಿದ್ದ. ನಲವತ್ತೆಂಟು ವರ್ಷದ ಅವನು ಮನೆಮನೆಯ ಹಾಲು ಕೂಡಿಸಿ, ಮೋಟಾರ್ ಸೈಕಲ್ಲಿನ ಎರಡೂ ಬದಿ ಕ್ಯಾನು ಕಟ್ಟಿಕೊಂಡು ಡೇರಿಯ ವ್ಯಾನಿಗೆ ಮುಟ್ಟಿಸುವವನು. ಎರಡು ದಿನದ ಮೇಲೆ ಹೆಣ ಸಿಕ್ಕಿತು. ಪತ್ರಿಕೆಯಲ್ಲಿ ಓದಿ ಕೇತಕಿ ಮರುಗಿದರು, ಎಲ್ಲರೂ ಮರುಗಿದಂತೆಯೇ. ಅವನು ರೇಡಿಯೋ ಕೇಳುತ್ತಿದ್ದನೋ ಇಲ್ಲವೋ ಯಾರಿಗೆ ಗೊತ್ತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡರು.

ಒಂದು ತಿಂಗಳ ನಂತರ ಟ್ರಸ್ಟಿನ ವಾರ್ಷಿಕ ಸಭೆ ನಡೆಯಿತು. ಮಹಾಮಳೆಯಲ್ಲೂ ಪ್ರಸಾರ ಒಂದು ನಿಮಿಷವೂ ನಿಲ್ಲದಂತೆ ಕಾಪಾಡಿದ್ದಕ್ಕಾಗಿ ಕೇತಕಿಯವರಿಗೆ ಶಾಲು, ಪ್ರಶಸ್ತಿ ಪತ್ರ. ಎರಡು ಮಾತಾಡಿ ಎಂದರು. ಅವರು ಕೈಮುಗಿದು ಕೂತರು. ಸಂಕೋಚದ ಸ್ವಭಾವ ಎಂದು ಸಭೆ ಚಪ್ಪಾಳೆ ತಟ್ಟಿತು.

ನವೆಂಬರಿನಲ್ಲಿ ಮಾಲಾ ಪಾರಿಶ್ವಾಡಕ್ಕೆ ಹೋಗಿ, ಮಳೆಯಲ್ಲಿ ನೊಂದ ಮನೆಗಳ ಹೆಣ್ಣುಮಕ್ಕಳ ಮಾತು ದಾಖಲಿಸಿಕೊಂಡು ಬಂದರು. ಪ್ರಸಾರಕ್ಕೆ ಮುಂಚೆ ದನಿಯ ಏರಿಳಿತ ಸರಿಮಾಡಲು ಆ ಧ್ವನಿಮುದ್ರಣ ಗುಡ್ಡಕ್ಕೆ ಬಂತು. ಕೇತಕಿ ಒಬ್ಬರೇ ಹೆಡ್‌ಫೋನ್ ಹಾಕಿಕೊಂಡು ಕೂತರು. ಮೂರನೆಯ ದನಿ ಭರಮಣ್ಣನ ಹೆಂಡತಿ ಚಂದ್ರವ್ವನದು.

"ಗಾಡೀಗೆ ರೇಡಿಯೋ ಕಟಗೊಂಡs ಹೋಗಾವ್ರು ಅವ್ರು. ಅವತ್ತ ಅಂಗಳದಾಗ ಕಿಕ್ ಹೊಡ್ಯಾಕ ಕಾಲ ಎತ್ತಿದ್ರು. ಕೊಳಲ ಬರಾಕತ್ತಿತ್ತು. ನಡುವs ಸಣ್ಣದಾತು. ಯಾರೋ ಉಸರ ತಗೊಂಡಂಗ ಕೇಳ್ತು. ‘ತಡಿ, ಏನೋ ಹೇಳ್ತಾರ’ ಅಂತ ಕಾಲ ಇಳಿಸಿದ್ರು. ಇಬ್ರೂ ನಿಂತು ಕೇಳಿದ್ವಿ. ಮತ್ತ ಕೊಳಲs ಬಂತು. ‘ಏನೂ ಇಲ್ಲ ಬಿಡು’ ಅಂತ ಹ್ವಾದ್ರು."

ಕೇತಕಿ ಅದನ್ನು ಎಷ್ಟು ಸಲ ಕೇಳಿದರೋ ಲೆಕ್ಕವಿಲ್ಲ. ಆ ವಾರ ಮನೆಯಲ್ಲಿ ಅವರು ಮಾತೇ ಆಡಲಿಲ್ಲ ಎಂದು ಪತಿ ಬಿಂದುಮಾಧವ ನೆನೆಯುತ್ತಾರೆ: "ಏನಾತು ಅಂತ ಕೇಳಿ ಕೇಳಿ ನಾನs ಸೋತೆ. ಐದನೇ ದಿನ ಹೇಳಿದ್ಳು. ‘ಹೋಗಿ ಬಾ, ಆ ಮನೀಗೆ ಹೋಗಿ ಬಾ’ ಅಂದೆ. ಬ್ಯಾರೆ ಏನ ಹೇಳ್ಲಿಕ್ಕಾಗ್ತದ?"

ಮರುದಿನ ಮೊದಲ ಬಸ್ಸಿಗೆ ಅವರು ಪಾರಿಶ್ವಾಡಕ್ಕೆ ಹೋದರು. ಚಂದ್ರವ್ವ ಕಟ್ಟೆಯ ಮೇಲೆ ಚಾಪೆ ಹಾಸಿ "ಕುಂದರ್ರಿ" ಎಂದಳು. ಕೇತಕಿ ಕೂರಲಿಲ್ಲ.

"ಆ ಉಸುರು ನಂದು" ಎಂದರು.

ಚಂದ್ರವ್ವನಿಗೆ ಮೊದಲು ತಿಳಿಯಲಿಲ್ಲ. ಮೈಕು, ಚೀಟಿ, ಎರಡು ಸಾಲು, ಎಲ್ಲವನ್ನೂ ನಿಂತುಕೊಂಡೇ ಹೇಳಿದರು. ಚಂದ್ರವ್ವ ಒಂದು ಮಾತು ಕೇಳಿದಳು: "ನಿಮಗ ಮಾತಾಡಾಕ ಬರ್ತಿದ್ದಿಲ್ಲೇನ್ರಿ?"

"ಬರ್ತಿತ್ತು. ನನ್ನ ಕನ್ನಡ ಚಂದ ಇಲ್ಲಂತ ಅಂಜಿದೆ."

"ಈಗ ಮಾತಾಡಿದ್ರಲ್ಲ, ಹಿಂಗs ಅಂದಿದ್ರ ನಮಗ ತಿಳೀತಿತ್ತಲ್ರೀ. ನಾವೇನು ಬ್ಯಾರೆ ಮಾತಾಡ್ತೀವಿ?"

ಆಕೆ ಬೈಯಲಿಲ್ಲ, ಅಳಲೂ ಇಲ್ಲ. ಎಮ್ಮೆ ಒದರಿತೆಂದು ಎದ್ದವಳು ಬಾಗಿಲಲ್ಲಿ ನಿಂತು, "ಸಿಟ್ಟಿಲ್ರಿ. ಆದ್ರ ಇನ್ನ ಬರಬ್ಯಾಡ್ರಿ. ನಿಮ್ಮನ್ನ ನೋಡಿದ್ರ ಆ ಮುಂಜಾನಿ ನೆಪ್ಪಾಗ್ತೈತಿ" ಎಂದಳು.

ಕೇತಕಿ ಮತ್ತೆ ಹೋಗಿಲ್ಲ. ಬೆಳಗಾವಿಗೆ ಬಂದು ಟ್ರಸ್ಟಿನ ಕಾರ್ಯದರ್ಶಿಯ ಮೇಜಿನ ಮೇಲೆ ಪ್ರಶಸ್ತಿ ಪತ್ರವನ್ನಿಟ್ಟು, ನಡೆದದ್ದನ್ನೆಲ್ಲ ಬರೆದುಕೊಟ್ಟರು. ಕಾರ್ಯದರ್ಶಿ ಓದಿ, ಎಂಜಿನಿಯರಿನ ಕೆಲಸದಲ್ಲಿ ಮಾತಾಡುವುದು ಸೇರಿಲ್ಲ, ತಪ್ಪು ಯಾರದೂ ಅಲ್ಲ ಎಂದರು. "ಕೆಲಸದ ಕಾಗದದಾಗ ಬರದಿದ್ದಿಲ್ಲ, ಖರೇ. ಕಾಗದ ಓದಿ ನನ್ನ ಬಿಟ್ಟುಬಿಟ್ರು. ಬೈದಿದ್ರ ಸ್ವಲ್ಪ ಹಗುರ ಆಗ್ತಿತ್ತೇನೋ" ಎನ್ನುತ್ತಾರೆ ಕೇತಕಿ. ಒಂದು ಅನುಮತಿಯನ್ನು ಮಾತ್ರ ಅವರು ಹಟ ಹಿಡಿದು ಪಡೆದರು. ಮಳೆಗಾಲದ ಪ್ರತಿ ಬೆಳಿಗ್ಗೆ, ಸ್ಟುಡಿಯೋದ ಮಾತು ಶುರುವಾಗುವ ಮುನ್ನ, ಗುಡ್ಡದ ಮೇಲಿನಿಂದಲೇ ಎರಡು ನಿಮಿಷ.

ಹಾಗಾಗಿ ಐದೂವರೆಗೆ ಅವರು ಫೋನು ಕೈಗೆ ತೆಗೆದುಕೊಳ್ಳುತ್ತಾರೆ. ಹನ್ನೊಂದು ಹಳ್ಳ, ಹನ್ನೊಂದು ದಂಡೆ, ಹನ್ನೊಂದು ಮಂದಿ. ಒಬ್ಬರು ಹಿಟ್ಟಿನ ಗಿರಣಿಯವರು, ಒಬ್ಬರು ಅಂಗನವಾಡಿಯ ಆಯಾ, ಒಬ್ಬ ಬಸ್ ಕಂಡಕ್ಟರ್. "ನೀರು ಎಲ್ಲಿ ತನಕ ಬಂದದ?" ಎಂದು ಕೆಲವರನ್ನು ಕನ್ನಡದಲ್ಲಿ, ಕೆಲವರನ್ನು ಮರಾಠಿಯಲ್ಲಿ ಕೇಳುತ್ತಾರೆ. ಆರಕ್ಕೆ ಎರಡು ನಿಮಿಷ ಇರುವಾಗ ಮೈಕು ತೆರೆಯುತ್ತಾರೆ. ನಾನು ಪಕ್ಕದಲ್ಲೇ ನಿಂತು ನೋಡಿದೆ. ಎಡಗೈ ಮೇಜಿನ ಅಂಚನ್ನು ಹಿಡಿದಿತ್ತು. ಯಾವ ದಾರಿ ತೆರೆದಿದೆ, ಯಾವುದು ಮುಚ್ಚಿದೆ ಎಂಬುದನ್ನು ಎರಡೂ ಭಾಷೆಯಲ್ಲಿ ಹೇಳಿದರು. ತಮ್ಮ ಹೆಸರು ಹೇಳಲಿಲ್ಲ. ಶಬ್ದ ಸಿಗದ ಒಂದು ಕಡೆ ತಡವರಿಸಿದರು. ಮರಾಠಿ ಶಬ್ದವನ್ನೇ ಇಟ್ಟು ಮುಂದೆ ಹೋದರು.

ತಾವು ಬಸ್ಸಿಗೆ ಬರುವ ದಿನಗಳಲ್ಲಿ ಈ ಸುದ್ದಿಯನ್ನು ಗುರುಸಿದ್ದನ ಕೈಯಲ್ಲಿ ಹೇಳಿಸುತ್ತಾರೆ. "ಮೊದಲನೇ ಸಲ ಬಾಯಿ ಒಣಗಿ ಹೋಗಿತ್ರಿ. ನೀರ ಕುಡೀತೀನಂದ್ರೂ ಬಾಯವ್ರು ಬಿಡಲಿಲ್ಲ. ‘ಮೊದಲ ಹೇಳು, ಆಮ್ಯಾಲ ಕುಡಿ’ ಅಂದ್ರು" ಎಂದು ಆತ ನೆನೆಸಿಕೊಳ್ಳುತ್ತಾನೆ.

ಗುಡ್ಡ ಇಳಿದು ನಾನು ಪಾರಿಶ್ವಾಡಕ್ಕೂ ಹೋದೆ. ಈ ಲೇಖನದಲ್ಲಿ ಆಕೆಯ ಮಾತು ಬಳಸಲು ಒಪ್ಪಿಗೆ ಕೇಳಬೇಕಿತ್ತು. ಚಂದ್ರವ್ವ ಈಗ ನಾಲ್ಕು ಎಮ್ಮೆ ಸಾಕಿದ್ದಾಳೆ, ಹಾಲನ್ನು ವ್ಯಾನೇ ಊರೊಳಗೆ ಬಂದು ಒಯ್ಯುತ್ತದೆ. ಬೆಳಗಿನ ಆ ಎರಡು ನಿಮಿಷವನ್ನು ಕೇಳುತ್ತೀರಾ ಎಂದೆ.

"ಕೇಳ್ತೀನ್ರಿ. ಮಳಿಗಾಲದಾಗ ದಿನಾ ಕೇಳ್ತೀನಿ" ಎಂದಳು. "ಆಕಿ ಹೇಳಿ ಮುಗಿಸಿದ ಕೂಡಲೇ ಬಂದ್ ಮಾಡ್ತೀನಿ. ಹಿಂದs ಕೊಳಲ ಬಂದೀತಂತ" ಎಂದು ಸೇರಿಸಿದಳು. ಬರೆಯಬಹುದೇ ಎಂದು ಕೇಳಿದ್ದಕ್ಕೆ, "ಬರೀರಿ. ಖರೇನs ಐತೆಲ್ಲ" ಎಂದಳು.

ಬರುವ ಮಾರ್ಚ್‌ಗೆ ಕೇತಕಿಯವರಿಗೆ ನಿವೃತ್ತಿ. ಅವರ ಜಾಗಕ್ಕೆ ಬೇರೆಯವರು ಬರುವುದಿಲ್ಲ. ಬೆಳಗಾವಿಯಲ್ಲಿ ಕೂತೇ ಗುಡ್ಡದ ಯಂತ್ರವನ್ನು ಕಂಪ್ಯೂಟರಿನಿಂದ ನಡೆಸುವ ವ್ಯವಸ್ಥೆ ತಯಾರಾಗುತ್ತಿದೆ. ಕರೆಂಟು ಹೋದರೆ ತಾನೇ ಜನರೇಟರಿಗೆ ಬದಲಾಗುತ್ತದೆ, ಲಿಂಕ್ ಕಡಿದರೆ ತಾನೇ ಸಂಗೀತ ಹಾಕಿಕೊಳ್ಳುತ್ತದೆ. ತಂತ್ರಜ್ಞಾನ ಬಹಳ ಒಳ್ಳೆಯದು ಎಂದು ಕೇತಕಿಯವರೇ ಒಪ್ಪುತ್ತಾರೆ. ಅದರ ತಂತಿಗಳನ್ನು ಜೋಡಿಸುತ್ತಿರುವವರೂ ಅವರೇ. ಗುಡ್ಡದ ಮೇಲೆ ಒಂದು ಮೈಕು, ಮಾತಾಡುವ ಒಬ್ಬ ಮನುಷ್ಯ ಇರಲಿ ಎಂದು ಟ್ರಸ್ಟಿಗೆ ಮೂರು ಸಲ ಬರೆದಿದ್ದಾರೆ. ನೋಡೋಣ ಎಂಬ ಉತ್ತರ ಒಂದು ಸಲ ಬಂದಿದೆ.

ನಿವೃತ್ತಿಯ ಮೇಲೆ ಏನು ಮಾಡುತ್ತೀರಿ ಎಂದು ಕೇಳಿದೆ. ಕೇತಕಿ ತಾಸಿನ ಅಳತೆ ಬರೆದು ಮುಗಿಸಿ, ಪೆನ್ನಿನ ಟೋಪಿ ಹಾಕಿದರು.

"ಶಹಾಪುರದ ಮನ್ಯಾಗ ಕೂತು ರೇಡಿಯೋ ಕೇಳ್ತೀನಿ. ಹದಿನೇಳು ವರ್ಷ ಮಷೀನ್ ಬಂದ್ ಬೀಳಬಾರದು ಅಂತ ಜೀವಾ ಹಿಡಕೊಂಡು ಕೂತೆ. ಈಗ ಅದು ನಡುವ ಒಂದೀಟು ಬಂದ್ ಬಿದ್ರೂ ನನಗೇನೂ ಅನಸೂದಿಲ್ಲ. ‘ಹಳ್ಳ ಬಂದದ, ದಾಟಬ್ಯಾಡ್ರಿ’ ಅಂತ ಯಾರರ ಒಬ್ಬರು ಅನ್ನೂದು ಕೇಳಬೇಕು. ಹೆಂಗರ ಅನ್ಲಿ. ತಪ್ಪು ತಪ್ಪರ ಅನ್ಲಿ."